ಪುಟದಲ್ಲಿ ಇರುವುದೆಷ್ಟು, ನಾವು ಸೇರಿಸಿದ್ದೆಷ್ಟು? ಬೈಬಲ್ ಓದುವಾಗ ಅವಲೋಕನ ಟಿಪ್ಪಣಿ ಬರೆದುಕೊಳ್ಳುವ ಬಗೆ

ಬೆಳಗಾಗುತ್ತಲೇ ಮೊಬೈಲಿಗೆ ಬಂದು ಬೀಳುವ ಬೈಬಲ್ ವಚನಗಳ ಪೈಕಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನವನ್ನು ನೋಡದ ಕ್ರೈಸ್ತರು ಕಡಿಮೆ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು ಎಂದು ದೇವರು ಹೇಳುವ ಮಾತು ಅದು. ಪರೀಕ್ಷೆ ಬರೆಯುವ ಮಕ್ಕಳಿಗೆ, ಹೊಸ ಕೆಲಸಕ್ಕೆ ಸೇರುವವರಿಗೆ, ಮದುವೆಯಾಗುವವರಿಗೆ ಅದನ್ನು ಹಾರೈಕೆಯಾಗಿ ಕಳಿಸುವ ರೂಢಿಯಿದೆ. ಅದೇ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಬೇರೆ ಕೆಲವು ಸಂಗತಿಗಳೂ ಕಣ್ಣಿಗೆ ಬೀಳುತ್ತವೆ. ಇದು ಒಂದು ಪತ್ರ, ಯೆರೂಸಲೇಮಿನಿಂದ ಹೊರಟದ್ದು, ಅರಸನಾದ ನೆಬೂಕದ್ನೆಚ್ಚರನು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಯೊಯ್ದಿದ್ದ ಜನರಿಗೆ ಬರೆದದ್ದು. 5ನೇ ವಚನವು ಆ ಜನರಿಗೆ, ಇರುವಲ್ಲಿಯೇ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ ಎನ್ನುತ್ತದೆ. 10ನೇ ವಚನವು ಎಪ್ಪತ್ತು ವರ್ಷ ಕಳೆದ ಮೇಲೆ ನಿಮ್ಮನ್ನು ಹಿಂದಕ್ಕೆ ಬರಮಾಡುವೆನು ಎನ್ನುತ್ತದೆ. ಹಾಗಾದರೆ 11ನೇ ವಚನವನ್ನು ಮೊದಲು ಕೇಳಿಸಿಕೊಂಡವರಲ್ಲಿ ವಯಸ್ಸಾದವರು ಆ ಮಾತು ನೆರವೇರುವುದನ್ನು ತಮ್ಮ ಕಣ್ಣಾರೆ ಕಾಣುವಂತಿರಲಿಲ್ಲ.

ಈ ಕಡೆಯ ವಾಕ್ಯ ಪುಟದಲ್ಲಿ ಇಲ್ಲ. ಪತ್ರ, ಯೆರೂಸಲೇಮು, ಬಾಬೆಲು, ತೋಟ, ಎಪ್ಪತ್ತು ವರ್ಷ, ಇವೆಲ್ಲ ಪುಟದಲ್ಲಿವೆ. ವಯಸ್ಸಾದವರ ಸಂಗತಿ ಅವುಗಳಿಂದ ಲೆಕ್ಕ ಹಾಕಿ ತೆಗೆದದ್ದು. ಲೆಕ್ಕ ಸರಿಯಾಗಿಯೇ ಇರಬಹುದು, ಆದರೂ ಅದು ಬೇರೆ ಜಾತಿಯ ಮಾತು. ಇವೆರಡನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳುವ ಅಭ್ಯಾಸಕ್ಕೆ ಅವಲೋಕನ ಟಿಪ್ಪಣಿ ಎಂದು ಹೆಸರು. ಬಿಡಿ ವಚನಗಳು ಚಿತ್ರಗಳಾಗಿ, ಕಿರು ವಿಡಿಯೊಗಳಾಗಿ ದಿನವೂ ಕೈಗೆ ಬರುವ ಈ ಹೊತ್ತಿನಲ್ಲಿ, ಸಭೆಯ ಮನೆಕೂಟಗಳಲ್ಲಿ ನೀವೂ ಎರಡು ಮಾತು ಹೇಳಿ ಎಂದು ಯಾರನ್ನಾದರೂ ಕರೆಯುವ ಈ ಹೊತ್ತಿನಲ್ಲಿ, ದೇವಶಾಸ್ತ್ರ ಓದದವರಿಗೂ ಅದು ಬೇಕಾಗಿ ಬಂದಿದೆ.

ಅವಲೋಕನ ಎಂದರೇನು

ಬೈಬಲ್ ಅಧ್ಯಯನವನ್ನು ಕಲಿಸುವವರು ಸಾಮಾನ್ಯವಾಗಿ ಮೂರು ಹಂತಗಳನ್ನು ಹೇಳುತ್ತಾರೆ. ಮೊದಲನೆಯದು ಅವಲೋಕನ: ಈ ಭಾಗದಲ್ಲಿ ಏನಿದೆ? ಎರಡನೆಯದು ವ್ಯಾಖ್ಯಾನ: ಇದರ ಅರ್ಥವೇನು? ಮೂರನೆಯದು ಅನ್ವಯ: ಇದರಿಂದ ನಾನು ಏನು ಮಾಡಬೇಕು? ಶಿಕ್ಷಕ ತರಬೇತಿ ಪಡೆದವರಿಗೆ ಪರಿಚಯವಿರುವ ಅನುಗಮನ ಪದ್ಧತಿ, ಅಂದರೆ ಬಿಡಿ ಸಂಗತಿಗಳನ್ನು ಮೊದಲು ಕಲೆಹಾಕಿ ಆಮೇಲೆ ನಿರ್ಣಯಕ್ಕೆ ಬರುವ ದಾರಿ, ಇಲ್ಲಿಯೂ ಆಧಾರ. ಇದನ್ನು ಬೈಬಲ್ ಓದಿಗೆ ಕ್ರಮಬದ್ಧವಾಗಿ ಅಳವಡಿಸಿದವರಲ್ಲಿ ಅಮೆರಿಕದ ವಿಲ್ಬರ್ಟ್ ವೈಟ್ ಪ್ರಮುಖರು. ಅವರು 1900ರಲ್ಲಿ ಆರಂಭಿಸಿ ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ನೆಲೆಗೊಳಿಸಿದ ಬೈಬಲ್ ಶಾಲೆಯಿಂದ ಈ ಕ್ರಮ ಬೇರೆಡೆಗೂ ಹರಡಿತು.

ಮೂರು ಹಂತಗಳಲ್ಲಿ ಜನ ಹಾರಿಬಿಡುವುದು ಮೊದಲನೆಯದನ್ನು. ಓದಿದ ಕೂಡಲೇ ಇದು ನನಗೆ ಏನು ಹೇಳುತ್ತದೆ ಎಂದು ಕೇಳಿಕೊಳ್ಳುವುದು ಭಕ್ತಿಯ ಲಕ್ಷಣವೆಂದೇ ಅನೇಕರು ತಿಳಿದಿದ್ದಾರೆ. ಆ ಪ್ರಶ್ನೆಯಲ್ಲಿ ತಪ್ಪಿಲ್ಲ, ಅದರ ಸರದಿ ಮಾತ್ರ ಮೂರನೆಯದು.

ಕಳ್ಳತನವಾದ ಮನೆಯಲ್ಲಿ ಪೊಲೀಸರು ಸ್ಥಳ ಮಹಜರು ಬರೆಯುವ ರೀತಿಯನ್ನು ನೆನೆದರೆ ವಿಷಯ ಸ್ಪಷ್ಟವಾಗುತ್ತದೆ. ಹಿಂಬಾಗಿಲ ಚಿಲಕ ಮುರಿದಿದೆ, ಬೀರುವಿನ ಮೇಲಿನ ಖಾನೆ ತೆರೆದಿದೆ, ಕೆಳಗಿನ ಖಾನೆಗೆ ಬೀಗ ಹಾಗೆಯೇ ಇದೆ ಎಂದು ಮಹಜರಿನಲ್ಲಿ ಬರೆಯುತ್ತಾರೆ. ಮನೆಯ ಗುಟ್ಟು ತಿಳಿದವನೇ ಕದ್ದಿರಬೇಕು ಎಂದು ಅದರಲ್ಲಿ ಬರೆಯುವುದಿಲ್ಲ. ಅದು ತನಿಖೆಯ ಮಾತು. ಪಂಚರು ಸಹಿ ಹಾಕುವುದು ಕಂಡದ್ದಕ್ಕೆ ಮಾತ್ರ. ಅವಲೋಕನ ಟಿಪ್ಪಣಿಗೂ ಪರೀಕ್ಷೆ ಇದೇ. ನೀವು ಬರೆದ ಸಾಲನ್ನು ಪಕ್ಕದಲ್ಲಿ ಕುಳಿತ ಇನ್ನೊಬ್ಬರು, ಅವರಿಗೆ ಕ್ರೈಸ್ತ ನಂಬಿಕೆ ಇರಲಿ ಇಲ್ಲದಿರಲಿ, ಅದೇ ಪುಟವನ್ನು ನೋಡಿ, ಹೌದು, ಇಲ್ಲಿ ಹಾಗೆಯೇ ಇದೆ ಎಂದು ಒಪ್ಪುವಂತಿದ್ದರೆ ಅದು ಅವಲೋಕನ. ಅವರು ಒಪ್ಪಬೇಕಾದರೆ ನೀವು ವಾದ ಮಾಡಬೇಕು ಎಂದಾದರೆ ಅದು ವ್ಯಾಖ್ಯಾನ.

ಪುಸ್ತಕದಲ್ಲಿ ಯಾವುದು ಮೂಲ, ಯಾವುದು ಆಮೇಲೆ ಬಂದದ್ದು

ಬೈಬಲ್ ಒಂದೇ ಪುಸ್ತಕದಂತೆ ಕಂಡರೂ ಅದೊಂದು ಸಂಗ್ರಹ. ಪ್ರೊಟೆಸ್ಟೆಂಟ್ ಸಭೆಗಳ ಬೈಬಲಿನಲ್ಲಿ ಹಳೆ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27, ಒಟ್ಟು 66 ಪುಸ್ತಕಗಳಿವೆ. ಕಥೋಲಿಕರ ಬೈಬಲಿನಲ್ಲಿ ಹಳೆ ಒಡಂಬಡಿಕೆಗೆ ಇನ್ನೂ ಏಳು ಸೇರಿ 73. ಇವುಗಳಲ್ಲಿ ಕಥನ, ಕಾನೂನು, ಹಾಡು, ಗಾದೆ, ಪ್ರವಾದನೆ, ಕಾಗದ ಎಲ್ಲವೂ ಇವೆ. ಮಾರ್ಕ 4:35 ಎಂದರೆ ಮಾರ್ಕನು ಬರೆದ ಸುವಾರ್ತೆಯ 4ನೇ ಅಧ್ಯಾಯದ 35ನೇ ವಚನ ಎಂದರ್ಥ.

ಈ ಅಧ್ಯಾಯ, ವಚನಗಳ ಅಂಕಿಗಳನ್ನು ಮೂಲ ಬರಹಗಾರರು ಹಾಕಿದ್ದಲ್ಲ. ಇಂದು ಬಳಕೆಯಲ್ಲಿರುವ ಅಧ್ಯಾಯ ವಿಂಗಡಣೆಯು 13ನೇ ಶತಮಾನದ ಆರಂಭದಲ್ಲಿದ್ದ ಸ್ಟೀಫನ್ ಲ್ಯಾಂಗ್ಟನ್ ಅವರ ಹೆಸರಿನಲ್ಲಿದೆ. ಅವರು ಮುಂದೆ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದವರು. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆಗಳನ್ನು ಕೊಟ್ಟವರು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು, 1551ರ ತಮ್ಮ ಗ್ರೀಕ್ ಮುದ್ರಣದಲ್ಲಿ. ನಡುನಡುವೆ ದಪ್ಪಕ್ಷರದಲ್ಲಿ ಬರುವ ಉಪಶೀರ್ಷಿಕೆಗಳಂತೂ ಆಯಾ ಪ್ರಕಾಶಕರು ಸೇರಿಸಿದವು. ಅಂಕಿಗಳು ಜಾಗ ಹುಡುಕಲು ಉಪಯೋಗ. ಆದರೆ ಅಧ್ಯಾಯ ಮುಗಿದಲ್ಲಿ ಸಂಗತಿಯೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಶೀರ್ಷಿಕೆಯನ್ನು ಬೆರಳಿನಿಂದ ಮುಚ್ಚಿಕೊಂಡು ಓದುವುದು ಒಳ್ಳೆಯದು, ಏಕೆಂದರೆ ನಾವು ಏನನ್ನು ನೋಡಬೇಕೆಂದು ಅದು ಮೊದಲೇ ಹೇಳಿಬಿಡುತ್ತದೆ.

ಬೇಕಾಗುವ ಸಾಮಾನು

ಒಂದು ಗೆರೆ ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಬೈಬಲ್. ಬೈಬಲಿನ ಕಾಗದ ತೆಳುವಾಗಿರುವುದರಿಂದ ಅದರಲ್ಲಿಯೇ ಪೆನ್ನಿನಿಂದ ಬರೆದರೆ ಇಂಕು ಹಿಂಬದಿಗೆ ಇಳಿಯುತ್ತದೆ. ನೋಟ್‌ಬುಕ್ಕಿನ ಎಡ ಪುಟದಲ್ಲಿ ಆ ಭಾಗವನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಕೈಯಿಂದ ನಕಲು ಮಾಡುವುದೂ, ಬಲ ಪುಟವನ್ನು ನಡುವೆ ಗೆರೆ ಎಳೆದು ಕಂಡದ್ದು, ಪ್ರಶ್ನೆ ಎಂದು ಎರಡು ಭಾಗ ಮಾಡುವುದೂ ಸುಲಭವಾದ ಏರ್ಪಾಡು. ನಕಲು ಮಾಡುವುದು ಮಕ್ಕಳ ಕಾಪಿ ಬರಹದಂತೆ ತೋರಬಹುದು. ಆದರೆ ಕಣ್ಣು ಹಾರಿಸಿ ಓದುವ ಸಣ್ಣ ಪದಗಳನ್ನು ಕೈ ಹಾರಿಸುವುದಿಲ್ಲ. ಅವಲೋಕನದ ಅರ್ಧ ಕೆಲಸ ಆ ನಕಲಿನಲ್ಲಿಯೇ ಆಗಿಬಿಡುತ್ತದೆ. ಬಣ್ಣದ ಪೆನ್ನುಗಳು ಇಲ್ಲದಿದ್ದರೂ ನಡೆಯುತ್ತದೆ. ಆರಂಭದಲ್ಲಿ ಅವು ಇಲ್ಲದಿರುವುದೇ ಒಳ್ಳೆಯದು; ಬಣ್ಣ ಹಚ್ಚುವ ಉತ್ಸಾಹ ನೋಡುವ ಕೆಲಸವನ್ನು ನುಂಗಿಹಾಕುತ್ತದೆ.

ಮೊದಲಿಗೆ ಐದರಿಂದ ಹತ್ತು ವಚನಗಳ, ಒಂದೇ ಘಟನೆ ಇರುವ ಭಾಗವನ್ನು ಆರಿಸಿಕೊಳ್ಳಬೇಕು. ಇಡೀ ಅಧ್ಯಾಯಕ್ಕೆ ಕೈಹಾಕಿದವರು ಸಾಮಾನ್ಯವಾಗಿ ಸಾರಾಂಶ ಬರೆದು ಮುಗಿಸುತ್ತಾರೆ. ಸಾರಾಂಶ ಬರೆಯುವವನು ವಿವರಗಳನ್ನು ಬಿಡುತ್ತಾ ಹೋಗುತ್ತಾನೆ, ಅವಲೋಕನ ಬರೆಯುವವನು ಅವನ್ನೇ ಹುಡುಕುತ್ತಾ ಹೋಗುತ್ತಾನೆ.

ಏಳು ವಚನಗಳು, ಒಂದು ಪುಟ

ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಕೊನೆಯಲ್ಲಿ, 35ರಿಂದ 41ರವರೆಗೆ, ಯೇಸು ಬಿರುಗಾಳಿಯನ್ನು ಶಾಂತಪಡಿಸಿದ ಪ್ರಸಂಗವಿದೆ. ಭಾನುವಾರ ಶಾಲೆಗೆ ಹೋದವರಿಗೆಲ್ಲ ಇದು ಗೊತ್ತು. ಗೊತ್ತಿರುವುದರಿಂದಲೇ ಇದು ಅಭ್ಯಾಸಕ್ಕೆ ತಕ್ಕದ್ದು. ಬಲ ಪುಟದ ಮೊದಲ ಭಾಗ ಹೀಗಿರಬಹುದು:

35. ಅದೇ ದಿನ. ಸಂಜೆ. ಆಚೇ ದಡಕ್ಕೆ ಹೋಗೋಣ ಎಂದು ಹೇಳಿದವನು ಯೇಸು.
36. ಜನರ ಗುಂಪನ್ನು ಬಿಟ್ಟರು. ದೋಣಿಯಲ್ಲಿ ಇದ್ದ ಹಾಗೆಯೇ ಆತನನ್ನು ಕರೆದುಕೊಂಡು ಹೋದರು. ಬೇರೆ ದೋಣಿಗಳೂ ಸಂಗಡ ಇದ್ದವು.
37. ದೊಡ್ಡ ಬಿರುಗಾಳಿ. ಅಲೆಗಳು ದೋಣಿಗೆ ಬಡಿದು ಒಳಗೆ ನುಗ್ಗಿದವು. ದೋಣಿ ಆಗಲೇ ತುಂಬುತ್ತಿತ್ತು.
38. ಯೇಸು ದೋಣಿಯ ಹಿಂಭಾಗದಲ್ಲಿ, ದಿಂಬಿನ ಮೇಲೆ, ನಿದ್ದೆಯಲ್ಲಿ. ಎಬ್ಬಿಸಿದರು. ಬೋಧಕನೇ ಎಂದು ಕರೆದರು. ನಾವು ಮುಳುಗಿಹೋಗುವುದರ ಚಿಂತೆ ನಿನಗಿಲ್ಲವೇ ಎಂದು ಕೇಳಿದರು. ಕಾಪಾಡು ಎಂದು ಕೇಳಲಿಲ್ಲ.
39. ಗಾಳಿಯನ್ನು ಗದರಿಸಿದನು, ಸಮುದ್ರಕ್ಕೆ ಸುಮ್ಮನಿರು ಎಂದನು. ಗಾಳಿ ನಿಂತಿತು, ಎಲ್ಲಾ ಶಾಂತವಾಯಿತು.
40. ಶಿಷ್ಯರಿಗೆ ಎರಡು ಪ್ರಶ್ನೆ. ಎರಡನೆಯದರಲ್ಲಿ 'ಇನ್ನೂ' ಎಂಬ ಪದ.
41. ಶಾಂತವಾದ ಮೇಲೆ ಬಹಳ ಹೆದರಿದರು. ಈತನು ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ಇದರಲ್ಲಿ ಪಾಂಡಿತ್ಯದ ಒಂದು ಸಾಲೂ ಇಲ್ಲ. ಯಾರು, ಎಲ್ಲಿ, ಯಾವಾಗ, ಏನು ಮಾಡಿದರು, ಏನು ಹೇಳಿದರು, ಇಷ್ಟನ್ನೇ ವಚನದ ಅಂಕಿಯ ಜೊತೆಗೆ ಬರೆದದ್ದು. ಈಗ ಎರಡನೆಯ ಸಲ ಓದುವಾಗ ಸಾಲುಗಳ ನಡುವಣ ಸಂಬಂಧಗಳನ್ನು ನೋಡಬೇಕು.

ಪ್ರಶ್ನೆಗಳನ್ನು ಎಣಿಸಿದರೆ ಈ ಏಳು ವಚನಗಳಲ್ಲಿ ನಾಲ್ಕಿವೆ: 38ರಲ್ಲಿ ಶಿಷ್ಯರು ಯೇಸುವಿಗೆ ಒಂದು, 40ರಲ್ಲಿ ಯೇಸು ಶಿಷ್ಯರಿಗೆ ಎರಡು, 41ರಲ್ಲಿ ಶಿಷ್ಯರು ತಮ್ಮತಮ್ಮಲ್ಲಿ ಒಂದು. ನಾಲ್ಕರಲ್ಲಿ ಯಾವುದಕ್ಕೂ ಯಾರೂ ಬಾಯಿಬಿಟ್ಟು ಉತ್ತರ ಕೊಡುವುದಿಲ್ಲ. ಪ್ರಸಂಗ ಮುಗಿಯುವುದೂ ಪ್ರಶ್ನೆಯಲ್ಲಿಯೇ. ಇದು ಎಣಿಸಿದರೆ ಮಾತ್ರ ತಿಳಿಯುವ ಸಂಗತಿ. ಎಷ್ಟು ಸಲ ಕೇಳಿದ್ದರೂ ಕಿವಿಗೆ ಬೀಳುವುದಿಲ್ಲ.

ಹೆದರಿಕೆ ಎಲ್ಲಿದೆ ಎಂದು ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಅಲೆಗಳು ಒಳನುಗ್ಗುವಾಗ ಶಿಷ್ಯರು ಹೆದರಿದರೆಂದು ಕಥೆ ಹೇಳುವವನು ತಾನಾಗಿ ಹೇಳಿಲ್ಲ. ಆಗಿನ ಅವರ ಭಯ ನಮಗೆ ತಿಳಿಯುವುದು 40ನೇ ವಚನದಲ್ಲಿ ಯೇಸು ಕೇಳುವ ಪ್ರಶ್ನೆಯಿಂದ. ಬಹಳ ಹೆದರಿದರು ಎಂದು ಕಥೆಗಾರನೇ ಹೇಳುವುದು 41ರಲ್ಲಿ, ಗಾಳಿ ನಿಂತ ಮೇಲೆ. ಇದೇಕೆ ಹೀಗೆ ಎಂಬುದು ಪ್ರಶ್ನೆಯ ಕಡೆಗೆ ಹೋಗುವ ಮಾತು. ಹೀಗಿದೆ ಎಂಬುದು ಕಂಡದ್ದರ ಕಡೆಗೆ.

ಮೂರನೆಯ ಸಲ ಓದುವಾಗ ಎರಡೂ ಬದಿಗೆ ಸ್ವಲ್ಪ ಹೊರಳಿ ನೋಡಬೇಕು. 36ರ 'ಇದ್ದ ಹಾಗೆಯೇ' ಎಂಬ ಮಾತು ಒಂಟಿಯಾಗಿ ಅರ್ಥವಾಗುವುದಿಲ್ಲ. ಅದೇ ಅಧ್ಯಾಯದ 1ನೇ ವಚನಕ್ಕೆ ಹೋದರೆ, ಜನ ಬಹಳವಾಗಿ ಸೇರಿದ್ದರಿಂದ ಯೇಸು ದೋಣಿ ಹತ್ತಿ ಕುಳಿತು, ದಡದ ಮೇಲಿದ್ದವರಿಗೆ ಅಲ್ಲಿಂದಲೇ ಬೋಧಿಸಿದ್ದು ಸಿಗುತ್ತದೆ. ಅಂದರೆ ಸಾಮ್ಯಗಳ (ದೃಷ್ಟಾಂತ ಕಥೆಗಳ) ಮೂಲಕ ಬೋಧಿಸಿದ ದೀರ್ಘ ಭಾಗವೂ ಬಿರುಗಾಳಿಯ ಪ್ರಸಂಗವೂ ಒಂದೇ ದಿನದವು. ಮುಂದಕ್ಕೆ ಹೋದರೆ 5ನೇ ಅಧ್ಯಾಯ ಶುರುವಾಗುವುದೇ ಅವರು ಆಚೇ ದಡಕ್ಕೆ ಬಂದರು ಎಂಬ ಮಾತಿನಿಂದ; 4:35ರಲ್ಲಿ ಹೇಳಿದ ಪ್ರಯಾಣ 5:1ರಲ್ಲಿ ಮುಗಿಯುತ್ತದೆ. ಅಧ್ಯಾಯದ ಗೆರೆ ಬಿದ್ದಿರುವುದು ಪ್ರಯಾಣದ ನಡುವೆ. ಆ ದಡದಲ್ಲಿ ಸರಪಣಿಗಳಿಂದಲೂ ಯಾರೂ ಕಟ್ಟಿಹಾಕಲಾಗದ ಒಬ್ಬನು ಸಿಗುತ್ತಾನೆ. ಅವನು ಸ್ವಸ್ಥಬುದ್ಧಿಯಿಂದ ಸುಮ್ಮನೆ ಕುಳಿತಿರುವುದನ್ನು ಕಂಡಾಗ ಊರಿನವರು ಹೆದರಿದರೆಂದು 5:15 ಹೇಳುತ್ತದೆ. ಅಲ್ಲಿಯೂ ಹೆದರಿಕೆ ಬರುವುದು ಶಾಂತವಾದ ಮೇಲೆಯೇ. ಎರಡು ಪ್ರಸಂಗಗಳನ್ನು ಬೇರೆಬೇರೆ ಭಾನುವಾರ ಓದುವವರಿಗೆ ಈ ಹೋಲಿಕೆ ಸಿಗುವುದು ಕಷ್ಟ.

'ಇನ್ನೂ' ಎಂಬ ಪದವೂ ಹಾಗೆಯೇ ಹಿಂದಕ್ಕೆ ಕೈ ತೋರಿಸುತ್ತದೆ. ಇನ್ನೂ ನಂಬಿಕೆ ಇಲ್ಲವೇ ಎಂದರೆ, ಇಷ್ಟೆಲ್ಲ ಕಂಡ ಮೇಲೂ ಎಂದಲ್ಲವೇ? ಏನೆಲ್ಲ ಕಂಡಿದ್ದರು? 1ರಿಂದ 4ರವರೆಗಿನ ಅಧ್ಯಾಯಗಳನ್ನು ತಿರುವಿ, ಶಿಷ್ಯರ ಎದುರಿನಲ್ಲಿ ನಡೆದ ಘಟನೆಗಳನ್ನು ಬರೆದುಕೊಂಡರೆ ಒಂದು ಪುಟ ತುಂಬುತ್ತದೆ. ಆ ಪಟ್ಟಿಯ ಆರಂಭದಲ್ಲಿಯೇ, 1:25ರಲ್ಲಿ, ಯೇಸು ಒಂದು ದೆವ್ವವನ್ನು ಗದರಿಸಿ ಸುಮ್ಮನಿರು ಎಂದು ಹೇಳಿದ್ದು ಇದೆ. ಇಲ್ಲಿ ಗಾಳಿಯನ್ನು ಗದರಿಸಿ ಸಮುದ್ರಕ್ಕೆ ಸುಮ್ಮನಿರು ಎನ್ನುತ್ತಾನೆ.

ಇದೇ ಘಟನೆ ಮತ್ತಾಯ 8:23ರಿಂದ 27ರಲ್ಲಿಯೂ ಲೂಕ 8:22ರಿಂದ 25ರಲ್ಲಿಯೂ ಇದೆ. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ದಿಂಬು, ಬೇರೆ ದೋಣಿಗಳು, ಚಿಂತೆ ನಿನಗಿಲ್ಲವೇ ಎಂಬ ಮಾತು, ಈ ಮೂರೂ ಮಾರ್ಕನಲ್ಲಿ ಮಾತ್ರ ಇರುವುದು ತಿಳಿಯುತ್ತದೆ. ಮತ್ತಾಯನಲ್ಲಿ ಶಿಷ್ಯರು ಕಾಪಾಡು ಎಂದೇ ಕೇಳುತ್ತಾರೆ. ಮತ್ತಾಯನಲ್ಲಿ ಯೇಸು ಮೊದಲು ಶಿಷ್ಯರೊಂದಿಗೆ ಮಾತನಾಡಿ ಆಮೇಲೆ ಗಾಳಿಯನ್ನು ಗದರಿಸುತ್ತಾನೆ. ಮಾರ್ಕ, ಲೂಕರಲ್ಲಿ ಮೊದಲು ಗಾಳಿ, ಆಮೇಲೆ ಶಿಷ್ಯರು. ಆದರೆ ಒಂದು ಎಚ್ಚರಿಕೆ: ಈ ಹೋಲಿಕೆಯನ್ನು ಮಾರ್ಕನ ಭಾಗವನ್ನು ಪೂರ್ತಿ ನೋಡಿ ಮುಗಿಸಿದ ಮೇಲೆ ಮಾಡಬೇಕು. ಮೊದಲೇ ಮೂರನ್ನೂ ಕಲಸಿದರೆ ಯಾರೂ ಬರೆಯದ ನಾಲ್ಕನೆಯ ಕಥೆಯೊಂದು ನಮ್ಮ ತಲೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಹೊರಗಿನ ಮಾಹಿತಿ ಎಲ್ಲಿ ಬರೆಯಬೇಕು

ಗಲಿಲಾಯ ಸಮುದ್ರ ಎನ್ನುವುದು ವಾಸ್ತವದಲ್ಲಿ ಒಂದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13 ಕಿಲೋಮೀಟರ್. ಅದರ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ, ಸುತ್ತ ಗುಡ್ಡಗಳಿವೆ, ಅವುಗಳ ಕಡೆಯಿಂದ ಗಾಳಿ ತಟ್ಟನೆ ಇಳಿದು ಬರುತ್ತದೆ. 1986ರಲ್ಲಿ ಬರದಿಂದ ನೀರು ಇಳಿದಾಗ ಅದರ ವಾಯವ್ಯ ದಡದ ಕೆಸರಿನಲ್ಲಿ ಸುಮಾರು 2000 ವರ್ಷ ಹಳೆಯ ಮರದ ದೋಣಿಯೊಂದು ಸಿಕ್ಕಿತು. ಉದ್ದ 8 ಮೀಟರಿಗಿಂತ ತುಸು ಹೆಚ್ಚು. ಅದನ್ನು ಈಗ ಗಿನೊಸಾರ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದು ಯೇಸು ಹತ್ತಿದ ದೋಣಿ ಎನ್ನಲು ಆಧಾರವಿಲ್ಲ, ಆದರೆ ಆ ಕಾಲದ, ಆ ನೀರಿನ ದೋಣಿ ಎಷ್ಟು ದೊಡ್ಡದಿರುತ್ತಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಇವೆಲ್ಲ ಉಪಯುಕ್ತ ಸಂಗತಿಗಳೇ. ಆದರೂ ಇವು ಮಾರ್ಕನ ಪುಟದಲ್ಲಿ ಇಲ್ಲ. ಆದ್ದರಿಂದ ಕಂಡದ್ದರ ಭಾಗದಲ್ಲಿ ಬರೆಯದೆ, ಪುಟದ ಕೆಳಗೆ ಬೇರೆಯಾಗಿ ಬರೆದಿಡಬೇಕು. ಸಭೆಯ ಉಪದೇಶದಲ್ಲಿ ಕೇಳಿದ್ದು, ವ್ಯಾಖ್ಯಾನ ಗ್ರಂಥದಲ್ಲಿ ಓದಿದ್ದು, ಸಿನಿಮಾದಲ್ಲಿ ನೋಡಿದ್ದು ಎಲ್ಲಕ್ಕೂ ಇದೇ ಜಾಗ.

ಗೊತ್ತಿದೆ ಎಂಬ ತೊಡಕು

ಕ್ರಿಸ್ಮಸ್ ಸಮಯದಲ್ಲಿ ಮನೆಮನೆಯ ಗೋದಲಿಯಲ್ಲಿ, ಅಂದರೆ ಯೇಸುವಿನ ಜನನದ ಬೊಂಬೆ ಜೋಡಣೆಯಲ್ಲಿ, ಕಿರೀಟ ಧರಿಸಿದ ಮೂವರು, ಹಟ್ಟಿಯೊಳಗೆ, ಕುರುಬರ ಪಕ್ಕದಲ್ಲಿ ನಿಂತಿರುತ್ತಾರೆ. ಮತ್ತಾಯನ 2ನೇ ಅಧ್ಯಾಯವನ್ನು ತೆರೆದು ನೋಡಿದರೆ ಮೂಡಣ ದೇಶದ ಜೋಯಿಸರು ಎಷ್ಟು ಜನ ಎಂದು ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆಗಳು ಮಾತ್ರ ಮೂರು. ಅವರು ಅರಸರೆಂದು ಹೇಳಿಲ್ಲ. 11ನೇ ವಚನದ ಪ್ರಕಾರ ಅವರು ಹೋದದ್ದು ಮನೆಯೊಳಕ್ಕೆ. ಕುರುಬರು ಬರುವುದು ಲೂಕನಲ್ಲಿ, ಮತ್ತಾಯನಲ್ಲಿ ಅವರ ಸುದ್ದಿಯೇ ಇಲ್ಲ. ಗೋದಲಿ ಮಾಡುವವರನ್ನು ಆಕ್ಷೇಪಿಸಲು ಈ ಮಾತು ಹೇಳುತ್ತಿಲ್ಲ. ಅದು ಒಂದು ಸುಂದರ ಸಂಪ್ರದಾಯ. ಚಿತ್ರಗಳು ಎಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ಕೂರುತ್ತವೆ ಎಂದರೆ ಓದುವಾಗ ಕಣ್ಣು ಪುಟದ ಮೇಲಿದ್ದರೂ ನಾವು ನೋಡುತ್ತಿರುವುದು ಗೋದಲಿಯನ್ನು, ಅಷ್ಟೇ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಫಿಲೆಮೋನನಿಗೆ ಅಪೊಸ್ತಲನಾದ ಪೌಲನು ಬರೆದ ಕಾಗದದಲ್ಲಿದೆ. ಒಟ್ಟು 25 ವಚನಗಳು. ಒನೇಸಿಮನೆಂಬ ದಾಸನು ಒಡೆಯನಾದ ಫಿಲೆಮೋನನ ಮನೆಯಲ್ಲಿ ಕದ್ದು ಓಡಿಹೋಗಿದ್ದನು, ಪೌಲನು ಅವನನ್ನು ಹಿಂದಕ್ಕೆ ಕಳಿಸಿದನು ಎಂದು ಸಾಮಾನ್ಯವಾಗಿ ಹೇಳುವುದುಂಟು. ಪುಟದಲ್ಲಿ ಏನಿದೆ? 15ನೇ ವಚನದಲ್ಲಿ ಅವನು ನಿನ್ನಿಂದ ಸ್ವಲ್ಪಕಾಲ ಅಗಲಿದನು ಎಂದಿದೆ. 18ರಲ್ಲಿ ಅವನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ, ಅವನು ಸಾಲವೇನಾದರೂ ಕೊಡಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು ಎಂದಿದೆ. ಓಡಿಹೋದನು ಎಂಬ ಮಾತಾಗಲಿ ಕದ್ದನು ಎಂಬ ಮಾತಾಗಲಿ ಎಲ್ಲಿಯೂ ಇಲ್ಲ. ಓಡಿಹೋಗಿದ್ದಿರಬಹುದು, ಅನೇಕ ವ್ಯಾಖ್ಯಾನಕಾರರು ಹಾಗೆ ತಿಳಿಯಲು ಕಾರಣಗಳಿವೆ, ಬೇರೆ ರೀತಿ ತಿಳಿದವರೂ ಇದ್ದಾರೆ. ಟಿಪ್ಪಣಿ ಬರೆಯುವವನ ಕೆಲಸ 'ಆಗಿದ್ದರೆ' ಎಂಬ ಪದವನ್ನು ಬಿಡದೆ ಬರೆಯುವುದು.

ಕಥೆಯಲ್ಲದ ಭಾಗಗಳಲ್ಲಿ ಏನು ನೋಡುವುದು

ಕಾಗದಗಳಲ್ಲಿ ಘಟನೆಗಳು ಕಡಿಮೆ, ವಾದ ಹೆಚ್ಚು. ಅಲ್ಲಿ ಆದ್ದರಿಂದ, ಆದರೆ, ಯಾಕಂದರೆ ಎಂಬ ಜೋಡಿಸುವ ಪದಗಳಿಗೆ ಅಡಿಗೆರೆ ಎಳೆಯಬೇಕು. ರೋಮಾಪುರದವರಿಗೆ ಬರೆದ ಕಾಗದದ 12ನೇ ಅಧ್ಯಾಯ ಆದ್ದರಿಂದ ಎಂದೇ ಶುರುವಾಗುತ್ತದೆ. ಅದರ ಹಿಂದೆ 11 ಅಧ್ಯಾಯಗಳ ವಾದವಿದೆ ಎಂಬುದು ಒಂದು ಮುಖ್ಯ ಟಿಪ್ಪಣಿ. ವಿಷಯ ಬರುವ ಕ್ರಮವನ್ನೂ ನೋಡಬೇಕು. ಫಿಲೆಮೋನನ ಕಾಗದದಲ್ಲಿ ಒನೇಸಿಮನ ಹೆಸರು ಮೊದಲು ಬರುವುದು 10ನೇ ವಚನದಲ್ಲಿ; ನನ್ನನ್ನು ಹೇಗೋ ಹಾಗೆ ಅವನನ್ನು ಸೇರಿಸಿಕೋ ಎಂಬ ಬೇಡಿಕೆ ಬರುವುದು 17ರಲ್ಲಿ. ಅಲ್ಲಿಯವರೆಗೆ ವಂದನೆ, ಹೊಗಳಿಕೆ, ಪೀಠಿಕೆ. ಇನ್ನೊಂದು ಸಂಗತಿ: ಇದನ್ನು ಬರೆದದ್ದು ಫಿಲೆಮೋನನೊಬ್ಬನಿಗೆ ಎಂದು ಹೆಸರಿನಿಂದ ತೋರಿದರೂ 2ನೇ ವಚನದಲ್ಲಿ ಅಪ್ಫಿಯಳು, ಅರ್ಖಿಪ್ಪನು ಮತ್ತು ಫಿಲೆಮೋನನ ಮನೆಯಲ್ಲಿ ಸೇರುವ ಸಭೆ ಎಲ್ಲರೂ ಇದ್ದಾರೆ. ಒಬ್ಬನಿಗೆ ಮಾಡಿದ ಬೇಡಿಕೆಯನ್ನು ಒಂದು ಸಭೆಯೇ ಕೇಳಿಸಿಕೊಂಡಿತೋ ಎಂಬುದು ಪ್ರಶ್ನೆಯ ಭಾಗಕ್ಕೆ ಸೇರಲಿ.

ಕೀರ್ತನೆಗಳು ಹಾಡುಗಳು. ಅಲ್ಲಿ ಯಾರು ಯಾರಿಗೆ ಮಾತನಾಡುತ್ತಿದ್ದಾರೆ ಎಂಬುದನ್ನು ಪ್ರತಿ ವಚನದ ಎದುರು ಬರೆದುಕೊಳ್ಳುವುದು ಫಲ ಕೊಡುವ ಅಭ್ಯಾಸ. 23ನೇ ಕೀರ್ತನೆಯನ್ನು ಬಾಯಿಪಾಠ ಹೇಳುವವರು ಸಾವಿರಾರು ಮಂದಿ ಇದ್ದಾರೆ. ಯೆಹೋವನು ನನಗೆ ಕುರುಬನು ಎಂದು ಅದು ಆರಂಭವಾಗುತ್ತದೆ; ಮೊದಲ ಮೂರು ವಚನಗಳಲ್ಲಿ ಹಾಡುವವನು ದೇವರ ವಿಷಯವಾಗಿ, ಬೇರೆ ಯಾರಿಗೋ ಹೇಳುವಂತೆ ಮಾತನಾಡುತ್ತಾನೆ. 4ನೇ ವಚನದಲ್ಲಿ ಕತ್ತಲೆಯ ಕಣಿವೆ ಬಂದ ಕೂಡಲೇ ಮಾತು ದೇವರ ಕಡೆಗೇ ತಿರುಗಿ, ನೀನು ಎಂದಾಗುತ್ತದೆ. 5ರಲ್ಲಿಯೂ ನೀನು. 6ರಲ್ಲಿ ಮತ್ತೆ ಯೆಹೋವನ ಮಂದಿರ ಎಂದು ಮೊದಲಿನ ರೀತಿಗೆ ಮರಳುತ್ತದೆ. ಯೆಹೋವ ಎಂಬ ಹೆಸರು 1 ಮತ್ತು 6ನೇ ವಚನಗಳಲ್ಲಿ ಮಾತ್ರ ಇದೆ.

ವಂಶಾವಳಿಗಳನ್ನು ಹಾರಿಸಿ ಓದುವುದು ಎಲ್ಲರ ಪದ್ಧತಿ. ಮತ್ತಾಯನ 1ನೇ ಅಧ್ಯಾಯದ ಪಟ್ಟಿಯಲ್ಲಿ ಇಂಥವನು ಇಂಥವನನ್ನು ಪಡೆದನು ಎಂಬ ಒಂದೇ ಮಾದರಿಯ ಸಾಲುಗಳಿವೆ. ಆ ಮಾದರಿ ಎಲ್ಲಿ ಮುರಿಯುತ್ತದೆ ಎಂದು ಹುಡುಕಿದರೆ ಸಾಕು. ಗಂಡಸರ ಸಾಲಿನ ನಡುವೆ ತಾಮಾರ, ರಾಹಾಬ, ರೂತ್, ಕೊನೆಗೆ ಮರಿಯ ಬರುತ್ತಾರೆ. 6ನೇ ವಚನದಲ್ಲಿ ಸೊಲೊಮೋನನ ತಾಯಿಯೂ ಇದ್ದಾಳೆ, ಆದರೆ ಹೆಸರಿನಿಂದಲ್ಲ. ಊರೀಯನ ಹೆಂಡತಿ ಎಂದು. ಮಾದರಿ ಇರುವಲ್ಲಿ ಮಾದರಿಯನ್ನೂ, ಅದು ಮುರಿಯುವ ಜಾಗವನ್ನೂ ಬರೆದುಕೊಳ್ಳುವುದು ಕಾನೂನುಗಳ ಭಾಗಕ್ಕೂ ಗಾದೆಗಳ ಭಾಗಕ್ಕೂ ಸಲ್ಲುತ್ತದೆ.

ಪ್ರಶ್ನೆಗಳನ್ನು ಏನು ಮಾಡುವುದು

ಬಲ ಪುಟದ ಇನ್ನೊಂದು ಭಾಗದಲ್ಲಿ ಸೇರಿದ ಪ್ರಶ್ನೆಗಳಿಗೆ ಅಂದೇ ಉತ್ತರ ಹುಡುಕುವ ಅವಸರ ಬೇಡ. ಹಲವಕ್ಕೆ ಅದೇ ಪುಸ್ತಕವನ್ನು ಮುಂದೆ ಓದಿದಾಗ ಉತ್ತರ ಸಿಗುತ್ತದೆ. ಕೆಲವಕ್ಕೆ ಬೈಬಲಿನ ಕೊನೆಯಲ್ಲಿರುವ ನಕ್ಷೆ ಸಾಕು. ಆ ಕಾಲದ ದಾಸತ್ವ, ಅಳತೆ, ನಾಣ್ಯ, ಹಬ್ಬಗಳ ಬಗ್ಗೆ ಇರುವವಕ್ಕೆ ಬೈಬಲ್ ನಿಘಂಟು ಬೇಕು, ಇಲ್ಲವೇ ಸಭಾಪಾಲಕರನ್ನೋ ಪಾದ್ರಿಗಳನ್ನೋ ಕೇಳಬೇಕು. ಕೇಳುವಾಗ ಈ ಭಾಗದ ಅರ್ಥವೇನು ಎಂದು ಕೇಳಿದರೆ ಒಂದು ಉಪದೇಶ ಸಿಗುತ್ತದೆ. 36ನೇ ವಚನದ ಬೇರೆ ದೋಣಿಗಳು ಏನಾದವು ಎಂದು ಕೇಳಿದರೆ ಸಂಭಾಷಣೆ ಶುರುವಾಗುತ್ತದೆ. ಆ ದೋಣಿಗಳ ಪ್ರಸ್ತಾಪ ಮಾರ್ಕನಲ್ಲಿ ಮತ್ತೆ ಬರುವುದೇ ಇಲ್ಲ. ಹೀಗೆ ಉತ್ತರವಿಲ್ಲದೆ ಉಳಿಯುವ ಪ್ರಶ್ನೆಗಳೂ ಇರುತ್ತವೆ, ಅವನ್ನು ಅಳಿಸದೆ ಹಾಗೆಯೇ ಬಿಡಬೇಕು.

ಮನೆಕೂಟದಲ್ಲಿ ಅಥವಾ ಯುವಜನರ ಗುಂಪಿನಲ್ಲಿ ಇದನ್ನು ಮಾಡುವುದಾದರೆ, ಎಲ್ಲರೂ ಹದಿನೈದು ನಿಮಿಷ ಮಾತಿಲ್ಲದೆ ಒಂದೇ ಭಾಗವನ್ನು ನೋಡಿ ಬರೆದುಕೊಂಡು, ಆಮೇಲೆ ಒಬ್ಬೊಬ್ಬರೂ ಒಂದೊಂದೇ ಸಾಲನ್ನು ವಚನದ ಅಂಕಿಯೊಂದಿಗೆ ಓದಿ ಹೇಳುವ ಕ್ರಮ ಚೆನ್ನಾಗಿ ನಡೆಯುತ್ತದೆ. ಇದರಲ್ಲಿ ಹೆಚ್ಚು ಓದಿದವರಿಗೂ ಹೊಸಬರಿಗೂ ಸರದಿ ಒಂದೇ, ಮತ್ತು ದಿಂಬನ್ನೋ ಸಂಜೆಯನ್ನೋ ಮೊದಲು ಗಮನಿಸುವವರು ಬಹಳ ಸಲ ಗುಂಪಿನ ಅತಿ ಚಿಕ್ಕವರೇ ಆಗಿರುತ್ತಾರೆ. ಯಾರ ಸಾಲಿನ ಬಗ್ಗೆಯಾದರೂ ಅನುಮಾನ ಬಂದರೆ ಚರ್ಚೆಗೆ ಇಳಿಯುವ ಬದಲು ಎಲ್ಲಿದೆ, ವಚನ ತೋರಿಸಿ ಎಂದು ಕೇಳಿದರಾಯಿತು. ತೋರಿಸಿದರೆ ಸಾಲು ಉಳಿಯುತ್ತದೆ. ತೋರಿಸಲಾಗದಿದ್ದರೆ ಅದನ್ನು ಪ್ರಶ್ನೆಯ ಕಡೆಗೆ ಬರೆದು, ಮುಂದಿನವರು ಓದಬಹುದು.